ಐದನೇ ನದಿಗೆ ಬಾಕ್ಸ್ ಇರಲಿಲ್ಲ

ಇವತ್ತು ಸರ್ಕಾರ ಬೀಳುವ ಸುದ್ದಿಯೂ ಇಲ್ಲ, ಉಳಿಯುವ ಸುದ್ದಿಯೂ ಇಲ್ಲ. ಒಂದು ಎ4 ಹಾಳೆಯ ಸುದ್ದಿ. ಆ ಹಾಳೆಯಲ್ಲಿ ಒಂದು ನದಿ ಕಾಣೆಯಾಗಿತ್ತು.

ಕಳೆದ ವಾರ ಕುಂದಾಪುರಕ್ಕೆ, ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳು ಎಂಟನೇ ಕ್ಲಾಸು. ಶಾಲೆಯಲ್ಲಿ ‘ನಮ್ಮೂರ ನದಿಗಳು’ ಅಂತ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅಮ್ಮನ ಮೊಬೈಲಿನಲ್ಲಿ ಕ್ಯಾನ್ವಾ ತೆರೆದು, ಒಂದು ಟೆಂಪ್ಲೇಟ್ ಆರಿಸಿ, ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟಿದ್ದಳು. ನೀಲಿ ಹಿನ್ನೆಲೆ, ದುಂಡು ಮೂಲೆಯ ಚೌಕಗಳು. ನೋಡೋಕೆ ಚೆನ್ನಾಗಿಯೇ ಇತ್ತು. ತಲೆಬರಹ ‘ಪಂಚಗಂಗಾವಳಿ’. ಕೆಳಗೆ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ. ಎಣಿಸಿದೆ. ನಾಲ್ಕು.

‘ಖೇಟ ಎಲ್ಲಿ ಮಗಾ?’ ಅಂದೆ.

‘ನಾಕೇ ಬಾಕ್ಸ್ ಇಪ್ಪುದ್ ಮಾಮ. ಅದ್ಕೇ ಒಂದ್ ಬಿಟ್ಟೆ.’

ಅಕ್ಕ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಯಾಕಂದ್ರೆ ರಾತ್ರಿ ಒಂಬತ್ತಕ್ಕೆ ನಾನು ಮಾಡೋದೂ ಅದನ್ನೇ! ಚರ್ಚೆಗೆ ಕೂತಾಗ ನಮ್ಮ ಪರದೆಯ ಮೇಲೆ ನಾಲ್ಕು ಕಿಟಕಿ. ಐದನೆಯ ಮಾತು ಇರುವ ಮನುಷ್ಯನಿಗೆ ನಾವು ಫೋನೇ ಮಾಡುವುದಿಲ್ಲ. ಆ ಟೆಂಪ್ಲೇಟ್ ಯಾವುದೋ ಕಂಪನಿಯ ಮೂರು ಮೂರು ತಿಂಗಳ ಲೆಕ್ಕಕ್ಕೆ ಮಾಡಿದ್ದಿರಬಹುದು. ಅದಕ್ಕೆ ಕುಂದಾಪುರದಲ್ಲಿ ಐದು ನದಿ ಕೂಡಿ ಗಂಗೊಳ್ಳಿ ಹತ್ತಿರ ಕಡಲು ಸೇರುತ್ತವೆ ಅಂತ ಗೊತ್ತಿರಬೇಕಾ?

ಹಾಗಂತ ಕ್ಯಾನ್ವಾವನ್ನು ಬೈಯೋಕೆ ಕೂತಿಲ್ಲ ನಾನು. ಅದರ ಬೇರೇ ಶಾಲೆಯಲ್ಲಿದೆ. ಆಸ್ಟ್ರೇಲಿಯಾದ ಪರ್ತ್ ನಗರದ ಮೆಲನಿ ಪರ್ಕಿನ್ಸ್ 2007ರಲ್ಲಿ ಶುರು ಮಾಡಿದ್ದು ಶಾಲಾ ವಾರ್ಷಿಕ ಸಂಚಿಕೆಗಳನ್ನು ಮಕ್ಕಳು, ಮೇಷ್ಟ್ರುಗಳೇ ವಿನ್ಯಾಸ ಮಾಡಿಕೊಳ್ಳುವ ಒಂದು ಸಣ್ಣ ಉದ್ಯಮ. ಅದೇ ಬೆಳೆದು 2013ರಲ್ಲಿ ಕ್ಯಾನ್ವಾ ಆಯಿತು. ಶಿಕ್ಷಕರು ತಮ್ಮ ಶಾಲೆಯ ದಾಖಲೆ ಕೊಟ್ಟು ದೃಢಪಡಿಸಿಕೊಂಡರೆ ಶಾಲಾ ಆವೃತ್ತಿಯೂ ಉಚಿತ. ಮಕ್ಕಳನ್ನು ಟೀಚರೇ ಒಳಗೆ ಕರೆದುಕೊಳ್ಳಬಹುದು. ಮಕ್ಕಳು ತಾವೇ ಎಲ್ಲೆಲ್ಲೋ ಖಾತೆ ತೆರೆಯುವುದಕ್ಕಿಂತ ಅದು ಎಷ್ಟೋ ವಾಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕು.

ಆ ಸಂಜೆ ನಾವಿಬ್ಬರೂ ಕೂತು ಇನ್ನೂ ಎರಡು ನೋಡಿದೆವು. ಫೋಟೋಪಿಯಾ ಬ್ರೌಸರಿನಲ್ಲೇ ತೆರೆಯುತ್ತೆ, ಖಾತೆಯನ್ನೂ ಕೇಳಲ್ಲ. ಆದರೆ ಫೋಟೋಶಾಪ್ ಥರದ ಆ ಗುಂಡಿಗಳ ರಾಶಿ ಕಂಡು ಹುಡುಗಿ ಎದ್ದೇ ಹೋದಳು. ಇಂಕ್‌ಸ್ಕೇಪ್ 2003ರಿಂದ ಇರುವ ಮುಕ್ತ ತಂತ್ರಾಂಶ. ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡರೆ ಇಂಟರ್ನೆಟ್ಟೂ ಬೇಡ. ಬೈಂದೂರಿನ ಕಡೆ ಮಳೆಗಾಲದಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದವರಿಗೆ ಇದರ ಬೆಲೆ ಗೊತ್ತು.

ಆಮೇಲೆ ಅಕ್ಷರದ ಪ್ರಶ್ನೆ ಬಂತು. ಮೊದಲು ಆ ಟೆಂಪ್ಲೇಟಿನ ಇಂಗ್ಲಿಷ್ ಫಾಂಟಿನಲ್ಲೇ ಕನ್ನಡ ಟೈಪ್ ಮಾಡಿದ್ದಳು. ಎಷ್ಟು ಸಲ ಶೈಲಿ ಬದಲಿಸಿದರೂ ಕನ್ನಡ ಮಾತ್ರ ಜಪ್ಪಯ್ಯ ಅಂದ್ರೂ ಬದಲಾಗಲಿಲ್ಲ. ಆ ಫಾಂಟಿನಲ್ಲಿ ಕನ್ನಡವೇ ಇಲ್ಲವಲ್ಲ! ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ, ಇವೆರಡೂ ಉಚಿತ. ಹೊಸ ಫಾಂಟ್ ಸಿಕ್ಕಿದರೆ ಪರೀಕ್ಷೆ ಮಾಡೋಕೆ ನಮ್ಮ ನದಿಗಳೇ ಸಾಕು. ‘ಸೌಪರ್ಣಿಕಾ’ದ ಅರ್ಕಾವೊತ್ತು, ‘ಚಕ್ರಾ’ದ ರ ಒತ್ತು, ‘ಕುಬ್ಜಾ’ದ ಜ ಒತ್ತು. ಮೂರೂ ಸರಿಯಾಗಿ ಕೂತರೆ ಪಾಸ್. ಶಾಲೆಯ ಹಳೇ ನುಡಿ ಫೈಲಿನಿಂದ ಕಾಪಿ ಮಾಡಿದರೆ ಚಿತ್ರಾನ್ನ ಆಗುತ್ತೆ. ಯೂನಿಕೋಡಿಗೆ ಬದಲಿಸಿಯೇ ಹಾಕಬೇಕು.

ಮೀನುಗಾರಿಕೆಗೆ ಒಂದು ದೋಣಿ ಬೇಕು ಅಂತ ಹುಡುಕಿದಳು. ಬಂದದ್ದೆಲ್ಲ ಯಾವುದೋ ದೇಶದ ಬಿಳಿ ದೋಣಿಗಳು. ಒಂದು ಇಷ್ಟ ಆಯ್ತು, ಡೌನ್‌ಲೋಡ್ ಒತ್ತಿದರೆ ದುಡ್ಡು ಕೇಳಿತು. ಮನೆಯಿಂದ ಸ್ವಲ್ಪ ದೂರ ಹೋದರೆ ಗಂಗೊಳ್ಳಿಯ ಬೋಟುಗಳು ಸಾಲಾಗಿ ನಿಂತಿವೆ ಮಾರಾಯ್ರೆ!

ಕೊನೆಗೆ ಟೆಂಪ್ಲೇಟ್ ಅಳಿಸಿ ಖಾಲಿ ಪುಟ ತೆಗೆದೆವು. ಎಂಜಿನಿಯರಿಂಗ್ ಮೊದಲ ವರ್ಷ ಡ್ರಾಯಿಂಗ್ ಶೀಟಿನ ಎದುರು ನಾನು ಬೆವರಿದ್ದು ನೆನಪಾಯಿತು. ಅವಳು ಬೆವರಲಿಲ್ಲ. ಎಡಗಡೆ ಕಡಲು ಎಳೆದಳು. ಕೊಲ್ಲೂರಿನಿಂದ ಇಳಿದ ಸೌಪರ್ಣಿಕಾ ಮರವಂತೆಯಲ್ಲಿ ಕಡಲಿನ ಪಕ್ಕಕ್ಕೇ ಬಂದು, ಹೆದ್ದಾರಿಯಷ್ಟೇ ಅಡ್ಡ ಇದ್ದರೂ ಸೇರದೆ, ತಿರುಗಿ ಗಂಗೊಳ್ಳಿ ಕಡೆ ಹೋಗುತ್ತೆ. ಆ ತಿರುವು ಯಾವ ಚೌಕದೊಳಗೆ ಹಿಡಿಸೀತು ಹೇಳಿ? ವಾರಾಹಿಯ ಮೇಲೆ ಹೊಸಂಗಡಿಯ ಭೂಗರ್ಭ ವಿದ್ಯುದಾಗಾರಕ್ಕೆ ಒಂದು ಬಲ್ಬ್ ಬರೆದಳು. ಗೆರೆ ಸೊಟ್ಟ. ಇರಲಿ.

ನನಗಿರುವ ಹೆದರಿಕೆ ಬೇರೆ. ಈ ಸೊಟ್ಟ ಗೆರೆಗೆ ಅಂಕ ಸಿಗುತ್ತಾ? ಎಸ್ಸೆಸ್ಸೆಲ್ಸಿಗೆ ಬಂದರೆ ಹೆಚ್ಚಿನ ವಿಷಯಗಳಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನಕ್ಕೇ ಹೋಗುತ್ತೆ. ಕಲರ್ ಪ್ರಿಂಟ್ ಹೊಳೆದರೆ ಜಾಸ್ತಿ, ಪೆನ್ಸಿಲ್ ಆದರೆ ಕಡಿಮೆ ಅಂತ ಆದರೆ, ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಹುಡುಗ ಏನು ಮಾಡಬೇಕು? ಟೀಚರ್‌ಗಳನ್ನು ಕೈಮುಗಿದು ಕೇಳ್ತೀನಿ. ಹಾಳೆಯ ಹೊಳಪು ಆಮೇಲೆ ನೋಡಿ, ಮೊದಲು ನದಿ ಎಣಿಸಿ.

ಕುಂದಾಪುರದಿಂದ ದಕ್ಷಿಣಕ್ಕೆ ಹೋದರೆ ಕೋಟ, ಈಗ ಬ್ರಹ್ಮಾವರ ತಾಲೂಕು. ಅಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು 1930ರ ದಶಕದಲ್ಲೇ ಕನ್ನಡದ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಅಂತ ಮೂರು ಸಂಪುಟಗಳ ವಿಶ್ವಕೋಶ ಮಾಡಿದರು. ಕನ್ನಡದಲ್ಲಿ ಅಂಥದ್ದಕ್ಕೆ ಸಿದ್ಧ ಅಚ್ಚು ಯಾವುದಿತ್ತು ಅವರ ಮುಂದೆ? ಇದನ್ನು ಹೇಳಿದಾಗ ಹುಡುಗಿ ಕೇಳಿದ್ದು, ‘ಅವ್ರಿಗೆ ಪ್ರಿಂಟ್ ಯಾರ್ ತೆಗ್ದ್ ಕೊಟ್ರ್?’

ಹೊಸ ಹಾಳೆಯಲ್ಲಿ ಖೇಟ ಇದೆ. ಪಕ್ಕದಲ್ಲಿ ಬರೆಯೋಕೆ ಅಂತ ನಾಲ್ಕು ಸಾಲಿನ ಜಾಗ ಬಿಟ್ಟಿದ್ದಾಳೆ. ಇಂಟರ್ನೆಟ್ಟಿನಲ್ಲಿ ಅವಳಿಗೆ ಸಿಕ್ಕಿದ್ದು ಬರೀ ಹೆಸರು. ಭಾನುವಾರ ಅಜ್ಜನ ಜೊತೆ ಹೋಗಿ, ಹೊಳೆ ಬದಿಯ ದೋಣಿಯವರನ್ನು ಕೇಳಿ ಬರ್ತಾಳಂತೆ.