ಬುತ್ತಿಯೊಳಗಿನ ಹುಣಸೆ, ಮರದ ಮೇಲಿನ ಕೊಕ್ಕರೆ

(ಶಿರಾ ತಾಲ್ಲೂಕಿನಲ್ಲಿ ಹಕ್ಕಿ ನೋಡಲು ಹೊರಟ ಕೂಟವೊಂದರ ಮುಂದೆ, ಮಧ್ಯಾಹ್ನದ ಊಟಕ್ಕೆ ಮುನ್ನ ಆಡಿದ ಮಾತುಗಳ ಬರಹರೂಪ)



ಬುತ್ತಿ ಬಿಚ್ಚುವ ಹೊತ್ತಾಗಿದೆ. ಹಸಿದವರ ಮುಂದೆ ಉದ್ದ ಭಾಷಣ ಸಲ್ಲದು. ಆದ್ದರಿಂದ ಊಟದ ವಿಷಯವನ್ನೇ ಮಾತಾಡಿ ಮುಗಿಸುತ್ತೇನೆ. ಹಕ್ಕಿಗಳ ಊಟ, ನಮ್ಮ ಊಟ, ಇವೆರಡರ ನಡುವೆ ನಷ್ಟ ಹೊರುವವರು ಯಾರು ಎಂಬುದಷ್ಟೇ ನನ್ನ ಮಾತು.

ಮಾಘ ಕಳೆದು ಫಾಲ್ಗುಣ ಬರುವ ಈ ದಿನಗಳಲ್ಲಿ ನಮ್ಮ ಕೆರೆಗಳ ನೀರು ಇಳಿಯತೊಡಗುತ್ತದೆ. ರೈತನಿಗೆ ಅದು ಚಿಂತೆ, ನೀರುಹಕ್ಕಿಗಳಿಗೆ ಹಬ್ಬ. ನೀರು ಇಳಿದಂತೆ ಮೀನುಗಳು ತಗ್ಗುಗಳಲ್ಲಿ ಒತ್ತಾಗಿ ಸೇರುತ್ತವೆ. ಆಗ ಕೆರೆಯಂಗಳದಲ್ಲಿ ನಡೆಯುವುದು ಪಂಕ್ತಿಭೋಜನವೇ. ಅಂಚಿನ ಕೆಸರಿನಲ್ಲಿ ಗೊರವ ಹುಳು ಹೆಕ್ಕುತ್ತದೆ. ಬೂದು ಬಕ ಕದಲದೆ ನಿಂತು, ಕಣ್ಣಿಗೆ ಬಿದ್ದ ಮೀನನ್ನು ತಿವಿಯುತ್ತದೆ. ನೀರುಕಾಗೆ ಆಳಕ್ಕೆ ಮುಳುಗುತ್ತದೆ. ಬಣ್ಣದ ಕೊಕ್ಕರೆಯ ರೀತಿಯೇ ಬೇರೆ. ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅತ್ತಿತ್ತ ಆಡಿಸುತ್ತಾ ನಡೆಯುತ್ತದೆ. ಮೀನು ತಾಕಿದ ಕ್ಷಣವೇ ಕೊಕ್ಕು ಮುಚ್ಚಿಕೊಳ್ಳುತ್ತದೆ. ಬಗ್ಗಡದ ನೀರಿನಲ್ಲೂ ಅದು ಹೊಟ್ಟೆ ತುಂಬಿಕೊಳ್ಳಬಲ್ಲದು. ಆದರೆ ನೀರು ಅದರ ಕಾಲಿನ ಎತ್ತರವನ್ನು ಮೀರಬಾರದು. ನಮ್ಮ ಬಯಲುಸೀಮೆಯ ತೆಳು ನೀರಿನ ಕೆರೆಗಳು ಅದಕ್ಕೆ ಹೇಳಿ ಮಾಡಿಸಿದಂತಿವೆ.

ಊಟ ಕೆರೆಯಲ್ಲಾದರೆ ಮನೆ ಎಲ್ಲಿ? ಶಿರಾ ಪಟ್ಟಣಕ್ಕೆ ಹತ್ತು ಕಿಲೋಮೀಟರ್ ಒಳಗೇ ಇರುವ ಕಗ್ಗಲಡು ಗ್ರಾಮದ ಹುಣಸೆ ಮರಗಳಲ್ಲಿ. ಮನೆಗಳ ನಡುವೆ, ದನ ಕಟ್ಟುವ ಜಾಗದ ಮೇಲೆ, ಮಕ್ಕಳು ಆಡುವ ಬೀದಿಯ ಪಕ್ಕದಲ್ಲೇ ಬಣ್ಣದ ಕೊಕ್ಕರೆ, ಬೂದು ಬಕಗಳು ಗೂಡು ಕಟ್ಟುತ್ತವೆ. ಫೆಬ್ರವರಿಯ ಸುಮಾರಿಗೆ ಬಂದು, ಮರಿಗಳು ಬಲಿತು, ಮಳೆಗಾಲದಲ್ಲಿ ಹೊರಡುತ್ತವೆ. ತುಮಕೂರಿನ ‘ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್’ನ ಹಕ್ಕಿಪ್ರಿಯರು 1999ರಲ್ಲಿ ಈ ಊರನ್ನು ಹೊರಜಗತ್ತಿಗೆ ಪರಿಚಯಿಸಿದರು. ಆದರೆ ಊರವರು ಹಕ್ಕಿಗಳನ್ನು ಕಾಯಲು ಯಾರ ಪರಿಚಯಕ್ಕೂ ಕಾದಿರಲಿಲ್ಲ ಎಂಬುದನ್ನು ನಾವು ಮರೆಯಬಾರದು.

ಈಗ ನಿಮ್ಮ ಬುತ್ತಿಗಳ ಕಡೆ ನೋಡಿ. ಹತ್ತರಲ್ಲಿ ಏಳು ಡಬ್ಬಿಗಳಲ್ಲಿ ಪುಳಿಯೋಗರೆಯೋ, ಹುಣಸೆ ಗೊಜ್ಜೋ ಇದ್ದೇ ಇರುತ್ತದೆ. ಹುಣಸೆ ಹಣ್ಣಾಗಿ, ಗಳ ಹಿಡಿದು ಬಡಿದು ಉದುರಿಸುವ ಕಾಲವೂ ಇದೇ. ಮಳೆ ಕೈಕೊಟ್ಟ ವರ್ಷ ಮನೆಗೆ ನಾಲ್ಕು ಕಾಸು ತರುವುದು ಇಂಥ ಮರ. ಕೊಕ್ಕರೆ ಕಡ್ಡಿ ತಂದು ಗೂಡು ಹೂಡುವುದೂ ಅದೇ ತಿಂಗಳಲ್ಲಿ, ಅದೇ ಕೊಂಬೆಯಲ್ಲಿ. ಮರ ಬಡಿದರೆ ಗೂಡು ಉಳಿಯದು. ಗೂಡು ಉಳಿಯಬೇಕಾದರೆ ಹಣ್ಣಿನ ಆಸೆ ಬಿಡಬೇಕು. ಜೊತೆಗೆ ಹಿಕ್ಕೆ, ಕೆಳಗೆ ಬಿದ್ದು ಕೊಳೆಯುವ ಮೀನಿನ ನಾತ, ತಿಂಗಳುಗಟ್ಟಲೆ ಗದ್ದಲ. ಪುಣ್ಯ ಎಂಬ ಒಂದು ಮಾತಿನಲ್ಲಿ ಇದನ್ನೆಲ್ಲ ಮುಗಿಸಿಬಿಡುವುದು ಪಟ್ಟಣದವರಿಗೆ ಸುಲಭ. ಮರದ ಒಡೆಯನಿಗೆ ಅದು ಪ್ರತಿವರ್ಷದ ಲೆಕ್ಕ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಈ ಲೆಕ್ಕವನ್ನು ಸರಿದೂಗಿಸುವ ಪ್ರಯತ್ನ ನಡೆಯಿತು. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಆ ಊರಿನ ಕಡೆ ಗಮನ ಸೆಳೆದ ಮೇಲೆ, ಗೂಡಿರುವ ಮರಗಳ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರಧನ ಕೊಡುವ ಪದ್ಧತಿ ಬಂತು. 1994ರಲ್ಲಿ ಊರವರದೇ ‘ಹೆಜ್ಜಾರ್ಲೆ ಬಳಗ’ ಹುಟ್ಟಿತು. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಹಕ್ಕಿಯ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುವುದನ್ನು ಅಲ್ಲಿನ ಹಿರಿಯರು ಅದಕ್ಕೂ ಮುಂಚೆಯೇ ಬಲ್ಲವರಾಗಿದ್ದರು. ಹಕ್ಕಿಯ ಪ್ರೀತಿ ಹೊಟ್ಟೆಪಾಡಿನ ಜೊತೆ ಹೊಂದಿಕೊಂಡರೆ ಮಾತ್ರ ಬಾಳುತ್ತದೆ ಎಂಬುದು ಆ ಊರು ಕಲಿಸುವ ಪಾಠ.

ನಮ್ಮ ಸುತ್ತಿನ ತಾಲ್ಲೂಕುಗಳಲ್ಲೂ ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿದೆ. ಬುತ್ತಿಯಲ್ಲಿರುವ ಕಡಲೆಕಾಯಿ ಚಟ್ನಿ ಬಂದದ್ದು ಇಂಥ ಕೆಂಪು ಹೊಲಗಳಿಂದಲೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು; ವಿಸ್ತೀರ್ಣ 798 ಎಕರೆ. ಹುಲ್ಲುಗಾವಲಿನ ಹಕ್ಕಿಗಳಿಗೂ ಅದು ಆಸರೆ. ಆದರೆ ಕೃಷ್ಣಮೃಗಕ್ಕೆ ಗಡಿಯ ಕಲ್ಲು ಗೊತ್ತಾಗುವುದಿಲ್ಲ. ಹಿಂಡು ಪಕ್ಕದ ಹೊಲಕ್ಕಿಳಿದರೆ ನಷ್ಟ ರೈತನದು. ಆ ಮೀಸಲಿಗೆ ಹೆಸರು ಕೊಟ್ಟ ಜಯಮಂಗಲಿ ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುವ ನದಿ. ಅದು ಹುಟ್ಟುವ ಬೆಟ್ಟದ ಬಂಡೆಪೊದೆಗಳಲ್ಲಿ ಹಳದಿ ಕತ್ತಿನ ಪಿಕಳಾರವಿದೆ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟು ಬೇರೆಲ್ಲೂ ಕಾಣದ ಹಕ್ಕಿ ಅದು. ಬಂಡೆ ಒಡೆದು ಜಲ್ಲಿ ಮಾಡಿದ ಮೇಲೆ ಅದು ಹೋಗುವ ಇನ್ನೊಂದು ಮನೆ ಇಲ್ಲ.

ಪಾವಗಡಕ್ಕೆ ಬನ್ನಿ. 2018ರಲ್ಲಿ ಉದ್ಘಾಟನೆಯಾದ ಅಲ್ಲಿನ ಸೋಲಾರ್ ಪಾರ್ಕಿನ ಸಾಮರ್ಥ್ಯ 2050 ಮೆಗಾವಾಟ್. ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು ಅದನ್ನು ಕಟ್ಟಲಾಗಿದೆ. ಬರದಲ್ಲಿ ಬೆಂದ ರೈತ ವರ್ಷಕ್ಕೊಮ್ಮೆ ಬರುವ ಗುತ್ತಿಗೆ ಹಣಕ್ಕೆ ಒಪ್ಪಿದರೆ ಅವನನ್ನು ದೂರಲಾಗದು. ಆದರೆ ನೆಲಗುಬ್ಬಿ, ಕೌಜುಗಗಳು ಮೊಟ್ಟೆಯಿಡುವುದು ಬೀಳುಹೊಲದ ನೆಲದ ಮೇಲೆ. ಬಿಸಿಲಿಗೆ ಜಾಗ ಕೊಟ್ಟ ರೈತನಿಗೆ ಗುತ್ತಿಗೆ ಹಣ ಬರುತ್ತದೆ. ಹಕ್ಕಿಗೆ ಜಾಗ ಕೊಟ್ಟ ರೈತನಿಗೆ ಕೊಡುವವರು ಯಾರು?

ಉತ್ತರ ಸರ್ಕಾರವೊಂದರಿಂದಲೇ ಬರಬೇಕಾಗಿಲ್ಲ. ನಮ್ಮಂಥ ಕೂಟಗಳು ಮಾಡಬಹುದಾದ ಸಣ್ಣ ಕೆಲಸಗಳೂ ಇವೆ. ಹಕ್ಕಿಗಳ ಪಟ್ಟಿ ಬರೆಯುವ ಪುಸ್ತಕದಲ್ಲೇ ಗೂಡಿರುವ ಮರಗಳ ಲೆಕ್ಕವನ್ನೂ ವರ್ಷವರ್ಷ ಬರೆದಿಡೋಣ. ಯಾವ ಮರ ಒಣಗಿತು, ಯಾವುದು ಮಾರಾಟವಾಯಿತು ಎಂಬುದು ಗೊತ್ತಾಗಲಿ. ಮನೆಗೆ ಬೇಕಾದ ಹುಣಸೆ, ಕಡಲೆಕಾಯಿಗಳನ್ನು ಇಂಥ ಊರುಗಳಿಂದಲೇ ಒಳ್ಳೆಯ ಬೆಲೆ ಕೊಟ್ಟು ಕೊಳ್ಳೋಣ. ಊರೊಳಗೆ ಕಾಲಿಡುವ ಮುಂಚೆ ಹಿರಿಯರೊಬ್ಬರನ್ನು ಮಾತಾಡಿಸೋಣ. ಫೋಟೋದ ಆಸೆಗೆ ಮರದ ಬುಡಕ್ಕೆ ನುಗ್ಗುವುದು ಬೇಡ. ಎಳೆಯ ಮರಿಗಳಿಗೆ ತಾಯಿ ತಂದೆಗಳು ರೆಕ್ಕೆ ಹರಡಿ ನೆರಳು ಕೊಡುತ್ತವೆ. ಅವು ಬೆದರಿ ಎದ್ದು ಹೋದರೆ ಮಾರ್ಚಿಯ ಬಿಸಿಲು ಮರಿಗಳನ್ನು ಉಳಿಸುವುದಿಲ್ಲ.

ಊರಿನವರು ಮಜ್ಜಿಗೆ ಕೊಟ್ಟಿದ್ದಾರೆ. ಅವರನ್ನೂ ಕರೆದು ಜೊತೆಯಲ್ಲಿ ಕೂರಿಸಿಕೊಳ್ಳಿ. ಅವರ ಮರ, ಅವರ ಹಕ್ಕಿ, ಅವರ ಕಷ್ಟ. ನಾವು ಹೇಳುವುದಕ್ಕಿಂತ ಅವರಿಂದ ಕೇಳುವುದೇ ಹೆಚ್ಚಿದೆ. ಇನ್ನು ಊಟ ಮಾಡೋಣ.