ಶೆಟ್ಟಿಹಳ್ಳಿಯ ಚರ್ಚು: ನೀರು ಬರೆಯುವ ಚರಿತ್ರೆ



ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟುವ ಹೇಮಾವತಿ, ಕಾಫಿ ತೋಟಗಳ ಹಳ್ಳಕೊಳ್ಳಗಳ ನೀರನ್ನೆಲ್ಲ ಕೂಡಿಸಿಕೊಂಡು ಸಕಲೇಶಪುರದ ಮೂಲಕ ಗೊರೂರಿನತ್ತ ಹರಿಯುತ್ತದೆ. ಚಿಕ್ಕಮಗಳೂರಿನ ಬೆಟ್ಟಗಳಿಂದ ಇಳಿದು ಬೇಲೂರನ್ನು ಹಾದು ಬರುವ ಯಗಚಿಯೂ ಗೊರೂರಿನ ಬಳಿ ಅದರೊಡನೆ ಸೇರುತ್ತದೆ. ಹೀಗಾಗಿ ಮಲೆನಾಡಿನಲ್ಲಿ ಆ ವರ್ಷ ಎಷ್ಟು ಮಳೆಯಾಯಿತೆಂಬುದನ್ನು ಗೊರೂರು ಜಲಾಶಯದ ಹಿನ್ನೀರಿನಲ್ಲಿ ನಿಂತಿರುವ ಒಂದು ಹಳೆಯ ಕಟ್ಟಡದ ಗೋಡೆಯನ್ನು ನೋಡಿಯೇ ಅಂದಾಜು ಮಾಡಬಹುದು. ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯ ರೋಸರಿ ಚರ್ಚು ಆ ಕಟ್ಟಡ. ಇಂದು ಅದರ ರಚನೆಯ ಬಗ್ಗೆ, ಅದನ್ನು ಹಿಡಿದು ನಿಲ್ಲಿಸಿರುವ ಮತ್ತು ಬೀಳಿಸುತ್ತಿರುವ ಶಕ್ತಿಗಳ ಬಗ್ಗೆ ಕೆಲವು ಮಾತು.

ಈ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದರು. ಕೆಲವರು ಇದನ್ನು ಅಬ್ಬೆ ದುಬೊಯ್ ಕಟ್ಟಿಸಿದರೆಂದು ಹೇಳುವುದುಂಟು. ದುಬೊಯ್ ಅವರು ಮೈಸೂರು ಸೀಮೆಯಲ್ಲಿ ಬಹುಕಾಲ ಕೆಲಸ ಮಾಡಿದವರು; 1803-04ರ ವೇಳೆಗೆ ಇಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಶ್ರಮಿಸಿದವರು. ಆದರೆ ಅವರು 1823ರಲ್ಲಿ ಫ್ರಾನ್ಸಿಗೆ ಹಿಂದಿರುಗಿ, 1848ರಲ್ಲಿ ತೀರಿಕೊಂಡರು. ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸಾಕು, ಆ ಮಾತು ನಿಲ್ಲುವುದಿಲ್ಲ. ಚರಿತ್ರೆಯ ವಿಷಯ ಕೇಳಿದಾಗ ಹೀಗೆ ಲೆಕ್ಕ ಹಾಕಿ ನೋಡುವ ಅಭ್ಯಾಸ ನಿಮಗೂ ಇರಲಿ.

ಈಗ ಕಟ್ಟಡವನ್ನು ನೋಡೋಣ. ಛಾವಣಿ ಇಲ್ಲ, ಕಿಟಕಿಗಳಲ್ಲಿ ಗಾಜಿಲ್ಲ. ಉಳಿದಿರುವುದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆಗಳು, ಚೂಪಾದ ಕಮಾನುಗಳ ಸಾಲು, ಪೂಜಾಪೀಠವಿದ್ದ ಕಡೆ ಅರ್ಧವೃತ್ತದಂತೆ ಬಾಗಿದ ಗೋಡೆ. ಈ ಚೂಪು ಕಮಾನೇ ಗಾಥಿಕ್ ಶೈಲಿಯ ಗುರುತು. ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಬೆಳೆದ ಶೈಲಿ ಇದು. ಅದೇ ಶತಮಾನದಲ್ಲಿ, 1117ರಲ್ಲಿ, ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾಯಿತು. ಹೊಯ್ಸಳ ಶಿಲ್ಪಿಗಳು ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಹಾಸುಗಲ್ಲು ಇಟ್ಟು ಕಟ್ಟಿದರು. ಅಡ್ಡ ಇಟ್ಟ ಕಲ್ಲಿನ ತೊಲೆಯ ಕೆಳಮೈ ಭಾರಕ್ಕೆ ಹಿಗ್ಗುತ್ತದೆ. ಕಲ್ಲು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳುವುದು ಕಡಿಮೆ. ಆದ್ದರಿಂದ ಅಲ್ಲಿ ಕಂಬಗಳು ಹತ್ತಿರ ಹತ್ತಿರ ಇರಲೇಬೇಕು. ಕಮಾನಿನಲ್ಲಾದರೋ ಪ್ರತಿಯೊಂದು ಇಟ್ಟಿಗೆಯೂ ಪಕ್ಕದ ಇಟ್ಟಿಗೆಯನ್ನು ಒತ್ತುತ್ತದೆ. ಭಾರವೆಲ್ಲ ಒತ್ತಡವಾಗಿ ಕಂಬಗಳಿಗೆ ಇಳಿಯುತ್ತದೆ.

ಕಮಾನು ಏಕೆ ಚೂಪಾಗಿರಬೇಕು? ತರಗತಿಯಲ್ಲೇ ಒಂದು ಪ್ರಯೋಗ ಮಾಡಿ. ಇಬ್ಬರು ಎದುರು ಬದುರು ನಿಂತು ಅಂಗೈಗೆ ಅಂಗೈ ಒತ್ತಿ ಮುಂದಕ್ಕೆ ಬಾಗಿ. ಪಾದಗಳು ಹತ್ತಿರವಿದ್ದಾಗ ನಿಲ್ಲುವುದು ಸುಲಭ. ಪಾದಗಳನ್ನು ಹಿಂದಕ್ಕೆ ಸರಿಸಿದಷ್ಟೂ ಅವು ಹೊರಕ್ಕೆ ಜಾರತೊಡಗುತ್ತವೆ. ಕಮಾನು ಚಪ್ಪಟೆಯಾದಷ್ಟೂ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಕಡಿದಾದಷ್ಟೂ ಭಾರ ನೆಲದತ್ತ ನೇರವಾಗಿ ಇಳಿಯುತ್ತದೆ. ಛಾವಣಿ ಹೋದ ಮೇಲೂ ಶೆಟ್ಟಿಹಳ್ಳಿಯ ಕಮಾನುಗಳು ಬಹುಕಾಲ ನಿಂತಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಗಾರೆ. ಸುಣ್ಣದ ಕಲ್ಲನ್ನು ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕುದಿದು ಅರಳಿದ ಸುಣ್ಣವಾಗುತ್ತದೆ. ಮರಳಿನೊಡನೆ ಅರೆದು ಗೋಡೆಗೆ ಬಳಸಿದಾಗ ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಾಗುತ್ತದೆ. ಈ ಚರ್ಚಿನ ಗಾರೆಗೆ ಬೆಲ್ಲ, ಮೊಟ್ಟೆ ಸೇರಿಸಿದ್ದರೆಂದು ಜನ ಹೇಳುತ್ತಾರೆ. ಸುಣ್ಣಕ್ಕೆ ಬೆಲ್ಲದ ನೀರು ಬೆರೆಸುವುದು ನಮ್ಮ ಗಾರೆ ಕೆಲಸದವರ ಹಳೆಯ ವಾಡಿಕೆ. ಸಕ್ಕರೆಯ ಅಂಶವಿದ್ದಾಗ ಸುಣ್ಣ ನೀರಿನಲ್ಲಿ ಹೆಚ್ಚು ಕರಗುತ್ತದೆಂಬುದು ರಸಾಯನಶಾಸ್ತ್ರಕ್ಕೂ ಗೊತ್ತು.

ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಜಲಾಶಯದ ಸಾಮರ್ಥ್ಯ ಸುಮಾರು 37 ಟಿಎಂಸಿ. ಹಾಸನ, ತುಮಕೂರು, ಮಂಡ್ಯ ಜಿಲ್ಲೆಗಳ ಹೊಲಗದ್ದೆಗಳಿಗೆ ಇದರ ನೀರು ಹೋಗುತ್ತದೆ. ತುಮಕೂರು ನಗರದ ಮನೆಗಳ ನಲ್ಲಿಗೂ ಬರುತ್ತದೆ. ಇದರ ಬೆಲೆಯನ್ನು ತೆತ್ತವರು ಹಿನ್ನೀರಿನ ಹಳ್ಳಿಗಳ ಜನ. ಹೊಲ, ಮನೆ, ಹಿರಿಯರ ಸಮಾಧಿ ಎಲ್ಲವನ್ನೂ ಬಿಟ್ಟು ಅವರು ಬೇರೆ ಕಡೆ ಹೋಗಿ ಬದುಕು ಕಟ್ಟಿಕೊಳ್ಳಬೇಕಾಯಿತು. ಮಣ್ಣಿನ ಗೋಡೆಯ ಮನೆಗಳು ಕರಗಿ ನೆಲಸಮವಾದವು. ಸುಣ್ಣದ ಗಾರೆಯ ಚರ್ಚು ಮಾತ್ರ ಉಳಿಯಿತು. ಅಲ್ಲೊಂದು ಊರಿತ್ತು, ಅಲ್ಲಿ ಮದುವೆ, ನಾಮಕರಣ, ಹಬ್ಬ ನಡೆಯುತ್ತಿದ್ದವು ಎಂಬುದಕ್ಕೆ ಈಗ ಅದೇ ಸಾಕ್ಷಿ.

ಆ ಸಾಕ್ಷಿಯೂ ಸವೆಯುತ್ತಿದೆ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಕಟ್ಟಡದ ಬಹುಭಾಗ ಮುಳುಗುತ್ತದೆ. ಬೇಸಿಗೆಯಲ್ಲಿ ಒಳಗೆ ನಡೆದಾಡಬಹುದು. ಸದಾ ನೀರಿನಲ್ಲೇ ಇದ್ದಿದ್ದರೆ ಅಥವಾ ಸದಾ ಒಣಗಿಯೇ ಇದ್ದಿದ್ದರೆ ಇಷ್ಟು ಹಾನಿಯಾಗುತ್ತಿರಲಿಲ್ಲ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು ಇದ್ದಾಗ ಇಟ್ಟಿಗೆಯ ರಂಧ್ರಗಳಲ್ಲಿ ನೀರು ಹೊಕ್ಕು, ಸುಣ್ಣವನ್ನು ಕೊಂಚ ಕೊಂಚವೇ ಕರಗಿಸಿ ಹೊರತರುತ್ತದೆ. ನೀರಿನ ಮಟ್ಟದಲ್ಲಿ ಅಲೆಗಳು ಗೋಡೆಗೆ ಬಡಿಯುತ್ತವೆ. ಬಿರುಕಿನಲ್ಲಿ ಗಿಡ ಬೇರು ಬಿಡುತ್ತದೆ. ಗೋಡೆಗಳ ಕೆಲವು ಭಾಗಗಳು ಈಗಾಗಲೇ ಕುಸಿದಿವೆ.

ಕ್ಯಾಮರಾ ಹಿಡಿದು ಕೆಲಸ ಮಾಡುವ ನನ್ನಂಥವರಿಗೆ ನೀರಿನ ನಡುವೆ ನಿಂತ ಕಮಾನುಗಳು ಬಹಳ ಸುಂದರ ದೃಶ್ಯ. ಆದರೆ ನಾವು ಚೆಂದವೆಂದು ಸೆರೆಹಿಡಿಯುವ ಆ ನೀರೇ ಅದನ್ನು ಕರಗಿಸುತ್ತಿದೆ ಎಂಬುದನ್ನು ನೋಡುವವರಿಗೆ ಹೇಳದಿದ್ದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಅಣೆಕಟ್ಟನ್ನು ಖಾಲಿ ಮಾಡೆಂದು ಯಾರೂ ಹೇಳಲಾರರು. ಕಟ್ಟಡವನ್ನು ಬಲಪಡಿಸುವುದು ತಜ್ಞರ ಕೆಲಸ. ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಹಳೆಯ ಗೋಡೆ ಇನ್ನೂ ಕೆಡಬಹುದು. ಆದರೆ ದಾಖಲೆ ಮಾಡುವ ಕೆಲಸ ನಿಮ್ಮಿಂದ ಸಾಧ್ಯ. ಬೇಸಿಗೆಯಲ್ಲಿ ಅಧ್ಯಾಪಕರೊಡನೆ ಹೋಗಿ. ಗೋಡೆಯಿಂದ ದೂರ ನಿಂತೇ ಕಮಾನುಗಳನ್ನು ಎಣಿಸಿ, ನಕ್ಷೆ ಬರೆಯಿರಿ. ಒಂದೇ ಜಾಗದಲ್ಲಿ ನಿಂತು ಪ್ರತಿವರ್ಷ ಒಂದು ಚಿತ್ರ ತೆಗೆದು ತಾರೀಖು ಬರೆದಿಡಿ. ಊರು ಬಿಟ್ಟು ಹೋದ ಹಿರಿಯರು ಸಿಕ್ಕರೆ ಅವರ ನೆನಪುಗಳನ್ನು ಕೇಳಿ ಬರೆದುಕೊಳ್ಳಿ. ಗೋಡೆ ಹತ್ತಬೇಡಿ, ಹೆಸರು ಕೆತ್ತಬೇಡಿ, ಹಿನ್ನೀರಿಗೆ ಇಳಿಯಬೇಡಿ.

ಮುಂದಿನ ಮಳೆಗಾಲದಲ್ಲಿ ಮೂಡಿಗೆರೆಯಲ್ಲಿ ಜೋರು ಮಳೆ ಎಂಬ ಸುದ್ದಿ ಕೇಳಿದಾಗ, ಆ ನೀರು ಎಲ್ಲೆಲ್ಲಿ ಹಾದು ಯಾವ ಗೋಡೆಯನ್ನು ಮುಟ್ಟುತ್ತದೆಂದು ಒಮ್ಮೆ ಯೋಚಿಸಿ.