ಪರಲೋಕದ ಪರಿಪೂರ್ಣ ಪ್ರೀತಿ

(ಶತಮಾನೋತ್ಸವದ ಅಂಗವಾಗಿ ಮೃತರ ಸ್ಮರಣೆಯ ದಿವ್ಯ ಬಲಿಪೂಜೆಯ ನಂತರ ಧರ್ಮಕೇಂದ್ರದ ಗುರುಗಳು ನೀಡಿದ ಪ್ರವಚನ)



ಶತಮಾನೋತ್ಸವದ ಈ ಸಡಗರದಲ್ಲಿ ಒಂದು ಸಂಜೆಯನ್ನು ನಮ್ಮ ಮೃತರಿಗಾಗಿ ಮೀಸಲಿಟ್ಟಿರುವುದು ಅತ್ಯಂತ ಸಮಂಜಸವಾಗಿದೆ. ಈ ದೇವಾಲಯಕ್ಕಾಗಿ ಕಲ್ಲು ಮಣ್ಣು ಹೊತ್ತವರು, ಇದರ ಬಲಿಪೀಠದ ಮುಂದೆ ವಿವಾಹಬಂಧನಕ್ಕೆ ಒಳಗಾದವರು, ಇಲ್ಲಿಯೇ ತಮ್ಮ ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿದವರು ಇಂದು ನಮ್ಮ ಸಮಾಧಿಭೂಮಿಯಲ್ಲಿ ವಿಶ್ರಮಿಸುತ್ತಿದ್ದಾರೆ. ಈಗತಾನೆ ಅವರ ಸಮಾಧಿಗಳ ಮೇಲೆ ತೀರ್ಥವನ್ನು ಪ್ರೋಕ್ಷಿಸಿ, ಮೇಣದ ಬತ್ತಿಗಳನ್ನು ಹಚ್ಚಿಟ್ಟು ಬಂದಿದ್ದೇವೆ.

ಇಂಥ ಸಂಜೆಗಳಲ್ಲಿ ಭಕ್ತಾದಿಗಳು ನಮ್ಮಲ್ಲಿಗೆ ತರುವ ಪ್ರಶ್ನೆಗಳಲ್ಲಿ ಎರಡನ್ನು ನಾವು ಮರೆಯಲಾರೆವು. ಪತಿಯನ್ನು ಕಳೆದುಕೊಂಡ ವೃದ್ಧ ತಾಯಿಯೊಬ್ಬರು, "ಸ್ವಾಮಿ, ಮೋಕ್ಷದಲ್ಲಿ ನಮ್ಮ ಯಜಮಾನರು ನನ್ನ ಗುರುತು ಹಿಡಿಯುತ್ತಾರೆಯೇ?" ಎಂದು ಕೇಳಿದರು. ಮತ್ತೊಬ್ಬ ಹಿರಿಯರ ಪ್ರಶ್ನೆ ಬೇರೆಯೇ ಆಗಿತ್ತು: "ಸ್ವಾಮಿ, ಹೊಲದ ಬದು ಒತ್ತರಿಸಿದ ನನ್ನ ತಮ್ಮನೂ ಅಲ್ಲಿಗೆ ಬಂದರೆ ನಾನು ಅವನ ಮುಖ ನೋಡಲೇಬೇಕೆ?" ಮೊದಲನೆಯ ಪ್ರಶ್ನೆಗೆ ನಮ್ಮ ಕಣ್ಣು ತೇವವಾಯಿತು, ಎರಡನೆಯದಕ್ಕೆ ನಗು ಬಂದರೂ ಮನಸ್ಸು ಭಾರವಾಯಿತು. ಆದರೆ ಅವರಿಬ್ಬರೂ ಕೇಳಿದ್ದು ಒಂದನ್ನೇ: ಪರಲೋಕದಲ್ಲಿ ಪ್ರೀತಿ ಎಂಥದ್ದು?

ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹದಿಮೂರನೆಯ ಅಧ್ಯಾಯದಲ್ಲಿ ವಿಶ್ವಾಸ, ನಿರೀಕ್ಷೆ, ಪ್ರೀತಿ ಎಂಬ ಮೂರನ್ನು ಹೆಸರಿಸಿ, ಪ್ರೀತಿಗೇ ಅಗ್ರಸ್ಥಾನವನ್ನು ಕೊಟ್ಟಿದ್ದಾರೆ. ಕಾರಣ ಸ್ಪಷ್ಟ. ದೇವರನ್ನು ಮುಖಾಮುಖಿಯಾಗಿ ಕಂಡವನಿಗೆ ಕಾಣದ್ದನ್ನು ನಂಬುವ ವಿಶ್ವಾಸ ಇನ್ನು ಬೇಕಿಲ್ಲ. ನಿರೀಕ್ಷಿಸಿದ್ದು ಕೈಸೇರಿದವನಿಗೆ ನಿರೀಕ್ಷೆಯೂ ಬೇಕಿಲ್ಲ. ಪ್ರೀತಿಯಾದರೋ ಅಳಿಯುವುದಿಲ್ಲ, ಅಲ್ಲಿ ಅದು ಪೂರ್ಣವಾಗುತ್ತದೆ. ಶುದ್ಧವಾದ ಆತ್ಮಗಳು ದೇವರ ಸ್ವರೂಪವನ್ನೇ ನೇರವಾಗಿ, ಮುಖಾಮುಖಿಯಾಗಿ ಕಾಣುತ್ತವೆ ಎಂದು ಜಗದ್ಗುರು ಹನ್ನೆರಡನೆಯ ಬೆನೆಡಿಕ್ಟರು 1336ರಲ್ಲಿ ವಿಧ್ಯುಕ್ತವಾಗಿ ಬೋಧಿಸಿದರು. ಆ ದರ್ಶನವೇ ಸ್ವರ್ಗ. ಆ ದರ್ಶನದಿಂದ ಹೊಮ್ಮುವ ಪ್ರೀತಿಯೇ ಸ್ವರ್ಗದ ಆನಂದ.

ಹಾಗಾದರೆ ಆ ತಾಯಿಯ ಪತಿಪ್ರೇಮ ಏನಾಯಿತು? ಏಳು ಮಂದಿ ಸಹೋದರರನ್ನು ಒಬ್ಬರಾದ ಮೇಲೆ ಒಬ್ಬರಂತೆ ವರಿಸಿದ ಸ್ತ್ರೀಯ ಕಥೆಯನ್ನು ಮುಂದಿಟ್ಟು ಸದ್ದುಕಾಯರು ಪ್ರಭುವನ್ನು ಪರೀಕ್ಷಿಸಲು ಬಂದಾಗ, ಪುನರುತ್ಥಾನದಲ್ಲಿ ಮದುವೆಯೆಂಬುದಿಲ್ಲ ಎಂದು ಪ್ರಭು ತಿಳಿಸಿದರು. ಇದನ್ನು ಕೇಳಿ ಎಷ್ಟೋ ಮಂದಿ ಎದೆಗುಂದುತ್ತಾರೆ. ಆದರೆ ಮದುವೆ ಇಲ್ಲವೆಂದರೆ ಪ್ರೀತಿ ಇಲ್ಲವೆಂದಲ್ಲ. ನದಿ ಸಮುದ್ರವನ್ನು ಸೇರಿದಾಗ ಅದರ ದಂಡೆಗಳು ಇಲ್ಲವಾಗುತ್ತವೆ, ನೀರು ಇಲ್ಲವಾಗುವುದಿಲ್ಲ. ಮಡಿದವರಿಗೂ ನಮಗೂ ಇರುವ ಐಕ್ಯವು ಮರಣದಿಂದ ಕಡಿದುಹೋಗುವುದಿಲ್ಲ ಎಂಬುದು ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಧರ್ಮಸಭೆಯನ್ನು ಕುರಿತು ಹೊರಡಿಸಿದ ಸಂವಿಧಾನದ ಬೋಧನೆ. ನಾವು ಪ್ರತಿ ಭಾನುವಾರ ವಿಶ್ವಾಸಸಂಗ್ರಹದಲ್ಲಿ ಸಂತರ ಅನ್ಯೋನ್ಯತೆ ಎಂದು ಹೇಳುವುದು ಇದನ್ನೇ. ಆದಕಾರಣ ಆ ತಾಯಿಗೆ ನಾವು ಹೇಳಿದೆವು: "ಗುರುತು ಹಿಡಿಯುತ್ತಾರಮ್ಮ. ಇಲ್ಲಿ ಕಂಡದ್ದಕ್ಕಿಂತ ಚೆನ್ನಾಗಿ ನಿಮ್ಮನ್ನು ಕಾಣುತ್ತಾರೆ."

ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ನಾವು ಒಂದು ಮಗುವಿನ ಸಹಾಯವನ್ನು ಪಡೆಯಬೇಕಾಗಿದೆ. ಆ ಮಗು ಬಾಲಯೇಸುವಿನ ಸಂತ ತೆರೇಸಮ್ಮ. 1873ರಲ್ಲಿ ಫ್ರಾನ್ಸಿನ ಅಲನ್‌ಸೋನ್ ಪಟ್ಟಣದಲ್ಲಿ ಹುಟ್ಟಿ, ನಾಲ್ಕು ವರ್ಷದವಳಿರುವಾಗಲೇ ತಾಯಿಯನ್ನು ಕಳೆದುಕೊಂಡು, ಅಕ್ಕ ಪೌಲಿನ್‌ಳ ಆರೈಕೆಯಲ್ಲಿ ಬೆಳೆದ ಈ ಮಗುವಿಗೆ ಒಮ್ಮೆ ಒಂದು ಚಿಂತೆ ಹತ್ತಿತು: ಸ್ವರ್ಗದಲ್ಲಿ ಎಲ್ಲರಿಗೂ ಸಮಾನ ಮಹಿಮೆ ಇಲ್ಲವಂತೆ; ಹಾಗಾದರೆ ಕಡಿಮೆ ಪಡೆದವರಿಗೆ ದುಃಖವಾಗದೆ? ಅಕ್ಕ ವಾದಿಸಲಿಲ್ಲ. ಅಪ್ಪನ ದೊಡ್ಡ ಲೋಟವನ್ನೂ, ಹೊಲಿಯುವಾಗ ಬೆರಳಿಗೆ ತೊಡುವ ಪುಟ್ಟ ಟೋಪಿಯನ್ನೂ ತರಿಸಿ, ಎರಡರಲ್ಲಿಯೂ ಅಂಚಿನವರೆಗೆ ನೀರು ತುಂಬಿದಳು. "ಯಾವುದು ಹೆಚ್ಚು ತುಂಬಿದೆ, ಹೇಳು?" ಎಂದಳು. ಎರಡೂ ತುಂಬಿದ್ದವು. ಯಾವುದಕ್ಕೂ ಇನ್ನೊಂದು ಹನಿ ಹಿಡಿಸುವಂತಿರಲಿಲ್ಲ. ಮಗುವಿಗೆ ಸಮಾಧಾನವಾಯಿತು.

ಪೌಲಿನ್ ನೀರಿನಿಂದ ಕಲಿಸಿದ್ದನ್ನು ಫ್ಲಾರೆನ್ಸಿನ ಮಹಾಸಭೆಯು 1439ರಲ್ಲಿಯೇ ಬೋಧಿಸಿತ್ತು: ಸಂತರೆಲ್ಲರೂ ದೇವರನ್ನು ಇದ್ದಂತೆಯೇ ಕಾಣುತ್ತಾರೆ, ಆದರೂ ಅವರವರ ಪುಣ್ಯಕ್ಕನುಸಾರವಾಗಿ ಒಬ್ಬರು ಮತ್ತೊಬ್ಬರಿಗಿಂತ ಹೆಚ್ಚು ಪೂರ್ಣವಾಗಿ ಕಾಣುತ್ತಾರೆ. ಆ ಪಾತ್ರೆ ಹಿಗ್ಗುವುದು ಯಾವುದರಿಂದ? ವಿದ್ಯೆಯಿಂದಲ್ಲ, ಪದವಿಯಿಂದಲ್ಲ. ಯಾರಲ್ಲಿ ಪ್ರೀತಿ ಹೆಚ್ಚೋ ಅವರೇ ದೇವರನ್ನು ಹೆಚ್ಚಾಗಿ ಕಾಣುವರು ಎಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದಾರೆ. ಅಲ್ಲಿ ಅಸೂಯೆಗೆ ಎಡೆಯಿಲ್ಲ. ನೆರೆಯವನ ಪಾತ್ರೆ ದೊಡ್ಡದೆಂಬುದೇ ಅಲ್ಲಿ ನಮ್ಮ ಸಂತೋಷಕ್ಕೆ ಕಾರಣವಾಗುವುದು.

ಪ್ರಿಯರೇ, ಈ ಪಾತ್ರೆ ಹಿಗ್ಗುವ ಕಾಲ ಯಾವುದು? ಇದನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಪುಣ್ಯಾರ್ಜನೆಯ ಕಾಲ ಮರಣದೊಂದಿಗೆ ಮುಗಿಯುತ್ತದೆ. ಉತ್ತರಿಸುವ ಸ್ಥಳದ ಬೆಂಕಿ ಪಾತ್ರೆಯ ಕಿಲುಬನ್ನು ತೆಗೆದೀತು; ಪಾತ್ರೆಯನ್ನು ದೊಡ್ಡದು ಮಾಡದು. ಅದು ಹಿಗ್ಗಬೇಕಾದದ್ದು ಇಲ್ಲಿ, ಈ ಊರಿನಲ್ಲಿ, ನಮ್ಮ ನಮ್ಮ ಮನೆಗಳಲ್ಲಿ.

ತೆರೇಸಮ್ಮನವರು ಇದನ್ನು ಬಲ್ಲವರಾಗಿದ್ದರು. 1888ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಅವರು ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠವನ್ನು ಸೇರಿದರು. ಆ ಮಠದಲ್ಲಿ ಒಬ್ಬ ಸಹೋದರಿ ಇದ್ದರು. ಆಕೆಯ ಮಾತು, ನಡೆ, ಸ್ವಭಾವ ಯಾವುದೂ ತೆರೇಸಮ್ಮನವರಿಗೆ ಹಿಡಿಸುತ್ತಿರಲಿಲ್ಲ. ಆದರೂ ಅತ್ಯಂತ ಪ್ರಿಯರಾದವರಿಗೆ ಮಾಡುವುದನ್ನೆಲ್ಲ ಆಕೆಗೆ ಮಾಡಿದರು, ಆಕೆಗಾಗಿ ಪ್ರಾರ್ಥಿಸಿದರು, ಕಟುವಾದ ಉತ್ತರ ನಾಲಗೆಯ ತುದಿಗೆ ಬಂದಾಗ ಮುಗುಳ್ನಕ್ಕು ಮಾತು ತಿರುಗಿಸಿದರು, ತಡೆಯಲಾರದಾದಾಗ ಅಲ್ಲಿಂದ ಓಡಿಯೇ ಹೋದರು. ಕಡೆಗೆ ಆ ಸಹೋದರಿಯೇ ಒಂದು ದಿನ, ತನ್ನಲ್ಲಿ ಅಷ್ಟೊಂದು ಮೆಚ್ಚುವಂಥದ್ದು ಏನಿದೆ ಎಂದು ಸಂತೋಷದಿಂದ ವಿಚಾರಿಸಿದರಂತೆ! ತೆರೇಸಮ್ಮನವರು ಕ್ಷಯರೋಗದಿಂದ 1897ರಲ್ಲಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಪ್ರಭುವಿನ ಪಾದ ಸೇರಿದರು. ನೂರು ವರ್ಷಗಳ ನಂತರ, 1997ರಲ್ಲಿ, ಜಗದ್ಗುರು ಎರಡನೆಯ ಜಾನ್ ಪಾಲರು ಅವರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಮಠದ ಗೋಡೆಗಳ ಒಳಗೆ ಸಹಿಸಿ ಪ್ರೀತಿಸಿದ್ದೇ ಅವರ ಪಾಂಡಿತ್ಯ.

ಈಗ ಬದುವಿನ ಪ್ರಶ್ನೆಗೆ ಬರೋಣ. ಆ ಹಿರಿಯರಿಗೆ ನಾವು ಹೇಳಿದ್ದು ಇಷ್ಟು: "ಹೌದಯ್ಯಾ, ನೋಡಲೇಬೇಕು. ನೋಡಿ ಸಂತೋಷಪಡಲೇಬೇಕು. ತಮ್ಮನನ್ನು ಹೊರಗಿಟ್ಟ ಸ್ವರ್ಗವನ್ನು ಪ್ರಭು ಯಾರಿಗೂ ವಾಗ್ದಾನ ಮಾಡಿಲ್ಲ." ಅನ್ಯಾಯವಾಗಿದ್ದರೆ ನ್ಯಾಯವನ್ನು ಕೇಳುವುದು ತಪ್ಪಲ್ಲ, ಒತ್ತರಿಸಿದವನು ಹಿಂದಿರುಗಿಸಲೇಬೇಕು. ಆದರೆ ಹಗೆಯನ್ನು ಹೊತ್ತುಕೊಂಡು ಆ ಬಾಗಿಲನ್ನು ದಾಟುವಂತಿಲ್ಲ. ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗುವಂತೆ ಪ್ರಭು ಆಜ್ಞಾಪಿಸಿರುವುದು ಇದಕ್ಕಾಗಿಯೇ.

ನಮ್ಮ ಸಮಾಧಿಭೂಮಿಯನ್ನೊಮ್ಮೆ ನೆನೆಯಿರಿ. ಜೀವಮಾನವೆಲ್ಲ ಪರಸ್ಪರ ಮಾತು ಬಿಟ್ಟವರು ಅಲ್ಲಿ ಅಕ್ಕಪಕ್ಕದಲ್ಲಿ ಮಲಗಿದ್ದಾರೆ. ಅವರ ನಡುವಿನ ಬದು ಯಾರ ನೆನಪಿನಲ್ಲಿಯೂ ಉಳಿದಿಲ್ಲ. ದೇವರ ಕರುಣೆಯಿಂದ ಅವರು ಈಗ ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದಾರೆಂದು ನಾವು ನಿರೀಕ್ಷಿಸುತ್ತೇವೆ. ಅವರಿಗೆ ಮರಣಾನಂತರ ದೊರಕಿದ ಆ ಕೃಪೆಯನ್ನು ನಾವು ಬದುಕಿರುವಾಗಲೇ ಏಕೆ ಬೇಡಬಾರದು?

ಶತಮಾನೋತ್ಸವಕ್ಕಾಗಿ ದೇವಾಲಯಕ್ಕೆ ಸುಣ್ಣ ಬಣ್ಣ ಬಳಿದಿದ್ದೇವೆ, ಗೋಪುರಕ್ಕೆ ದೀಪಗಳನ್ನು ಕಟ್ಟಿದ್ದೇವೆ. ಇವೆಲ್ಲವೂ ಒಳ್ಳೆಯದೇ. ಆದರೆ ಹಬ್ಬದ ಬಲಿಪೂಜೆಗೆ ಮುನ್ನ ಯಾರಾದರೂ ಇಬ್ಬರು, ವರ್ಷಗಳಿಂದ ತುಳಿಯದ ಒಂದು ಹೊಸ್ತಿಲನ್ನು ದಾಟಿ, "ಬಾರಪ್ಪಾ, ಒಟ್ಟಿಗೆ ದೇವಾಲಯಕ್ಕೆ ಹೋಗೋಣ" ಎಂದರೆ, ಈ ದೇವಾಲಯವನ್ನು ಕಟ್ಟಿದವರ ಶ್ರಮ ಸಾರ್ಥಕವಾಗುವುದು. ಬೆರಳ ಟೋಪಿಯಷ್ಟಿರುವ ನಮ್ಮ ಹೃದಯಗಳನ್ನು ಪ್ರಭು ಹಿಗ್ಗಿಸಲಿ. ಹಿಗ್ಗಿಸಿದ್ದನ್ನು ತಮ್ಮ ಪ್ರೀತಿಯಿಂದ ತುಂಬಲಿ. ನಮ್ಮ ಮೃತರಿಗೆ ನಿತ್ಯ ವಿಶ್ರಾಂತಿಯನ್ನೂ, ನಮಗೆ ಅವರೊಂದಿಗೆ ಪುನರ್ಮಿಲನದ ಭಾಗ್ಯವನ್ನೂ ದಯಪಾಲಿಸಲಿ. ಆಮೆನ್.